ಫಿಲೋಡ್ಸ್ ಗೆಡ್ಡೆಯಲ್ಲಿ ಸಕ್ಕರೆ ಏಕೆ ಕುಸಿಯುತ್ತದೆ?

ಸ್ತನದ ಗೆಡ್ಡೆಗಳಲ್ಲಿ ಫಿಲೋಡ್ಸ್ ಪಾಲು ಶೇ 1ಕ್ಕಿಂತ ಕಡಿಮೆ. ಗ್ರೀಕಿನಲ್ಲಿ ‘ಫಿಲಾನ್’ ಎಂದರೆ ಎಲೆ. ಕೊಯ್ದು ನೋಡಿದರೆ ಸೀಳುಗಳ ನಡುವೆ ಎಲೆಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟಂತೆ ಕಾಣುತ್ತದೆ. 1838ರಲ್ಲಿ ಯೋಹಾನೆಸ್ ಮ್ಯೂಲರ್ ಈ ಹೆಸರಿಟ್ಟದ್ದು ಅದಕ್ಕೇ. ಕೆಲವು ಗೆಡ್ಡೆಗಳು ಬಹುಬೇಗ ಬೆಳೆದು ಇಡೀ ಸ್ತನವನ್ನು ಆವರಿಸುತ್ತವೆ. ಅಂಥ ಭಾರಿ ಗೆಡ್ಡೆಗಳಲ್ಲಿಯೇ ಅಪರೂಪಕ್ಕೆ ರಕ್ತದ ಸಕ್ಕರೆ ಕುಸಿಯುವುದು.

ಈ ಚಿತ್ರವನ್ನು ಕಲ್ಪಿಸಿಕೊಳ್ಳಿ. ಬೆಳಗಿನ ಜಾವ, ಹೊಟ್ಟೆ ಖಾಲಿ. ಮಹಿಳೆಯ ಹಾಸಿಗೆ ಬೆವರಿನಿಂದ ಒದ್ದೆಯಾಗಿದೆ. ಮಗಳನ್ನೇ ಗುರುತಿಸದೆ ಏನೇನೋ ಮಾತನಾಡುತ್ತಿದ್ದಾರೆ. ಗ್ಲುಕೋಮೀಟರ್ 38 ಮಿ.ಗ್ರಾಂ/ಡೆ.ಲೀ. ತೋರಿಸುತ್ತದೆ (ಸಹಜವಾಗಿ 70ಕ್ಕಿಂತ ಹೆಚ್ಚಿರಬೇಕು). ಮಧುಮೇಹವಿಲ್ಲ, ಮಾತ್ರೆ ನುಂಗಿಲ್ಲ. ಮೇದೋಜೀರಕದಲ್ಲಿ ಇನ್ಸುಲಿನ್ ಸುರಿಸುವ ಗೆಡ್ಡೆ ಇರಬಹುದೆಂದು ನಮಗೆ ಥಟ್ಟನೆ ಹೊಳೆಯುತ್ತದೆ. ಆದರೆ ರಕ್ತದಲ್ಲಿ ಇನ್ಸುಲಿನ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ದೇಹ ಇನ್ಸುಲಿನ್ ತಯಾರಿಸುವಾಗ ಜೊತೆಗೇ ಹೊರಬರುವ ಸಿ-ಪೆಪ್ಟೈಡ್ ಕೂಡ ಹಾಗೆಯೇ. ಇಡೀ ವಿಷಯದ ಬೀಗದ ಕೈ ಇದು.

ಇನ್ಸುಲಿನ್ನಿನ ಕೆಲಸವನ್ನು ಇಲ್ಲಿ ಗೆಡ್ಡೆಯೇ ತಯಾರಿಸಿದ ಐಜಿಎಫ್-2 (ಇನ್ಸುಲಿನ್ನನ್ನು ಹೋಲುವ ಬೆಳವಣಿಗೆಯ ಅಂಶ) ಮಾಡುತ್ತಿರುತ್ತದೆ. ಸಹಜ ಐಜಿಎಫ್-2 ಇನ್ನೆರಡು ಪ್ರೋಟೀನುಗಳೊಂದಿಗೆ ಸೇರಿ ದೊಡ್ಡ ಕಟ್ಟಾಗುವುದರಿಂದ ರಕ್ತನಾಳ ದಾಟಿ ಹೋಗಲಾರದು. ಗೆಡ್ಡೆಯದು ಪೂರ್ತಿ ಕತ್ತರಿಸಿ ಹದಗೊಳ್ಳದ, ‘ದೊಡ್ಡ ಐಜಿಎಫ್-2’. ಅದು ಆ ಕಟ್ಟಿಗೆ ಸರಿಯಾಗಿ ಕೂರದೆ, ಊತಕಗಳಿಗೆ ನುಗ್ಗಿ ಇನ್ಸುಲಿನ್ ಗ್ರಾಹಕಗಳನ್ನು ತಟ್ಟುತ್ತದೆ. ಸ್ನಾಯುಗಳು ಗ್ಲುಕೋಸನ್ನು ಹೀರುತ್ತವೆ, ಯಕೃತ್ತು ಬಿಡುಗಡೆ ನಿಲ್ಲಿಸುತ್ತದೆ, ಕೊಬ್ಬು ಕರಗದೆ, ಅದರಿಂದ ಹುಟ್ಟುವ ಬದಲಿ ಇಂಧನವಾದ ಕೀಟೋನ್ ಕೂಡ ತಗ್ಗುತ್ತದೆ. ಬೆಳವಣಿಗೆಯ ಹಾರ್ಮೋನು ಅಡಗಿ, ಅದರ ಪ್ರೇರಣೆಯಿಂದ ತಯಾರಾಗುವ ಸೋದರ ಅಂಶ ಐಜಿಎಫ್-1 ಇಳಿಯುತ್ತದೆ. ಹಾಗಾಗಿ ಐಜಿಎಫ್-2 ಒಟ್ಟು ಮಟ್ಟ ಸಹಜವೆಂದು ವರದಿ ಬಂದರೂ ಕೈಬಿಡಬೇಡಿ; ಐಜಿಎಫ್-1ಕ್ಕೆ ಅದರ ಅನುಪಾತ 10 ದಾಟಿದರೆ ಅನುಮಾನ ಗಟ್ಟಿಯಾಗುತ್ತದೆ.

ಈ ರಕ್ತದ ಮಾದರಿಗಳನ್ನು ಸಕ್ಕರೆ ತಗ್ಗಿರುವ ಆ ಕ್ಷಣದಲ್ಲೇ ತೆಗೆಯಬೇಕು. ಡ್ರಿಪ್ ಹಾಕಿದ ಮೇಲೆ ತೆಗೆದರೆ ಸುಳಿವು ಅಳಿಸಿಹೋಗುತ್ತದೆ. ಹಾಗೆಂದು ಅದಕ್ಕಾಗಿ ಚಿಕಿತ್ಸೆಯನ್ನು ತಡಮಾಡುವಂತಿಲ್ಲ: ಸೂಜಿ ಚುಚ್ಚಿ ರಕ್ತ ತೆಗೆದು, ಅಲ್ಲಿಂದಲೇ ಗ್ಲುಕೋಸ್ ಕೊಡುವುದು.

ನಿಜವಾದ ಚಿಕಿತ್ಸೆ ಶಸ್ತ್ರಕ್ರಿಯೆಯೇ. ಅಲ್ಲಿಯವರೆಗೆ ಗ್ಲುಕೋಸ್ ಡ್ರಿಪ್, ಪದೇಪದೇ ಆಹಾರ, ಅಗತ್ಯವಿದ್ದರೆ ಸ್ಟೆರಾಯ್ಡ್. ಇನ್ಸುಲಿನ್ ಸ್ರವಿಕೆಯನ್ನು ತಡೆಯುವ ಡಯಾಜಾಕ್ಸೈಡ್ ಇಲ್ಲಿ ನಿಷ್ಪ್ರಯೋಜಕ. ಏಕೆಂದರೆ ತಡೆಯಲು ಇನ್ಸುಲಿನ್ನೇ ಇಲ್ಲ. ಗೆಡ್ಡೆಯನ್ನು ಪೂರ್ತಿ ತೆಗೆದ ಮೇಲೆ ಸಕ್ಕರೆ ಸಾಮಾನ್ಯವಾಗಿ ಬೇಗನೆ ಸರಿಹೋಗುತ್ತದೆ. ತಿಂಗಳುಗಳ ನಂತರ ಬೆಳಗಿನ ಆ ಬೆವರು ಮರಳಿತೋ, ಗಾಯದ ಜಾಗವನ್ನು ಮುಟ್ಟಿ ನೋಡಿ, ಶ್ವಾಸಕೋಶದ ಸ್ಕ್ಯಾನ್ ಮಾಡಿಸಿ. ಮಾರಕ ಫಿಲೋಡ್ಸ್ ಹೆಚ್ಚಾಗಿ ಹರಡುವುದು ಅಲ್ಲಿಗೇ.