ಪದ ಪರಿಚಯ: ಸಾಫ್ಟ್‌ವೇರ್ ಲೈಸೆನ್ಸ್, ಮನೆಯ ಎಷ್ಟು ಕಂಪ್ಯೂಟರ್‌ಗೆ?

ಮನೆಗೆ ಎರಡನೇ ಲ್ಯಾಪ್‌ಟಾಪ್ ಬಂದ ಕೂಡಲೇ ಈ ಪ್ರಶ್ನೆ ಏಳುತ್ತದೆ. ಹಳೆಯದರಲ್ಲಿರುವ ವಿಂಡೋಸು, ಆಫೀಸು ಇದಕ್ಕೂ ಹಾಕಿಕೊಳ್ಳಬಹುದಾ? ದುಡ್ಡು ಕೊಟ್ಟು ತಗೊಂಡಿದ್ದೇ ಅಲ್ವಾ! ಆದರೆ ಆ ದುಡ್ಡಿಗೆ ನಮಗೆ ಸಿಕ್ಕಿರುವುದು ಬಳಸುವ ಅನುಮತಿ ಮಾತ್ರ. ಅದೇ ಲೈಸೆನ್ಸ್. ಅದು ಯಂತ್ರದ ಹೆಸರಲ್ಲಿದೆಯೋ, ಮನುಷ್ಯರ ಹೆಸರಲ್ಲಿದೆಯೋ ಎಂದು ನೋಡಿಕೊಂಡರೆ ಮುಕ್ಕಾಲು ಗೊಂದಲ ತೀರುತ್ತದೆ.

ವಿಂಡೋಸ್ ಯಂತ್ರದ ಲೆಕ್ಕದ್ದು. ಒಂದು ಲೈಸೆನ್ಸಿಗೆ ಒಂದೇ ಕಂಪ್ಯೂಟರ್. ಲ್ಯಾಪ್‌ಟಾಪ್ ಜೊತೆಗೇ ಬಂದಿದ್ದರೆ ಅದು ಸಾಮಾನ್ಯವಾಗಿ ಓಇಎಂ ಲೈಸೆನ್ಸ್, ಅಂದರೆ ಯಂತ್ರ ತಯಾರಿಸಿದ ಕಂಪನಿಯೇ ಹಾಕಿಕೊಟ್ಟದ್ದು. ಆ ಯಂತ್ರದ ಜೊತೆ ಹುಟ್ಟಿ, ಅದರ ಜೊತೆಗೇ ಮುಗಿಯುತ್ತದೆ. ಬೇರೆಯಾಗಿ ಕೊಂಡ ರೀಟೇಲ್ ಲೈಸೆನ್ಸನ್ನು ಹೊಸ ಕಂಪ್ಯೂಟರ್‌ಗೆ ಒಯ್ಯಬಹುದು, ಆದರೆ ಹಳೆಯದರಿಂದ ತೆಗೆಯಬೇಕು. ಬೆಂಗಳೂರಿನ ಕಂಪ್ಯೂಟರ್ ಪೇಟೆ ಎಸ್‌ಪಿ ರೋಡಿನಲ್ಲಿ ಬಿಡಿಭಾಗ ತಂದು ಪಿಸಿ ಜೋಡಿಸಿಕೊಳ್ಳುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕು, ಯಾಕೆಂದರೆ ಮುಖ್ಯ ಬೋರ್ಡಾದ ಮದರ್‌ಬೋರ್ಡ್ ಬದಲಿಸಿದರೆ ವಿಂಡೋಸ್ ಮತ್ತೆ ಆಕ್ಟಿವೇಶನ್, ಅಂದರೆ ಲೈಸೆನ್ಸ್ ಸರಿಯಿದೆಯೇ ಎಂಬ ತಪಾಸಣೆ, ಕೇಳಬಹುದು. ಇನ್ನೊಂದು ಮಾತು: ಅದೇ ಪಿಸಿಯೊಳಗೆ ವರ್ಚುವಲ್ ಮೆಷೀನ್ (ಸಾಫ್ಟ್‌ವೇರಿನಲ್ಲೇ ಸೃಷ್ಟಿಸಿದ ಇನ್ನೊಂದು ಕಂಪ್ಯೂಟರ್) ಮಾಡಿ ವಿಂಡೋಸ್ ಹಾಕಿದರೂ ಅದಕ್ಕೆ ಬೇರೆ ಲೈಸೆನ್ಸೇ ಬೇಕು.

ನಿಮ್ಮ ವಿಂಡೋಸ್ ಲೈಸೆನ್ಸ್ ಯಾವುದು? ಆದೇಶ ಟೈಪಿಸುವ ಕಿಟಕಿಯಾದ ಕಮಾಂಡ್ ಪ್ರಾಂಪ್ಟ್ ತೆರೆದು ಎಸ್‌-ಎಲ್‌-ಎಂ-ಜಿ-ಆರ್ ಎಂದು ಟೈಪಿಸಿ, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಷ್ ಹಾಕಿ ಡಿ-ಎಲ್‌-ಐ ಕೊಡಿ. ಪುಟ್ಟ ಕಿಟಕಿಯೊಂದು ಬರುತ್ತದೆ. ಅದರಲ್ಲಿ ಓಇಎಂ, ರೀಟೇಲ್ ಅಥವಾ ವಾಲ್ಯೂಮ್ ಎಂದಿರುತ್ತದೆ. ವಾಲ್ಯೂಮ್ ಅಂದರೆ ಕಂಪನಿ, ಕಾಲೇಜುಗಳಿಗೆ ಕೊಡುವಂಥದ್ದು. ಮನೆಗೆ ಕೊಂಡ ಪಿಸಿಯಲ್ಲಿ ಅದು ಕಂಡರೆ ಸ್ವಲ್ಪ ಅನುಮಾನ ಪಡಿ.

ಆಫೀಸ್‌ನಲ್ಲಿ ಎರಡೂ ಬಗೆ ಇವೆ. ಒಮ್ಮೆ ದುಡ್ಡು ಕೊಟ್ಟು ಕೊಳ್ಳುವ ಆಫೀಸ್ ಹೋಮ್ 2024 ಒಂದು ಪಿಸಿಗೋ ಮ್ಯಾಕ್‌ಗೋ ಸೀಮಿತ. ಚಂದಾ ಕಟ್ಟುವ ಮೈಕ್ರೋಸಾಫ್ಟ್ 365 ಮನುಷ್ಯರ ಲೆಕ್ಕದ್ದು: ಪರ್ಸನಲ್‌ನಲ್ಲಿ ಒಬ್ಬರು, ಫ್ಯಾಮಿಲಿಯಲ್ಲಿ 6 ಜನ, ಪ್ರತಿಯೊಬ್ಬರೂ ಒಮ್ಮೆಗೆ 5 ಸಾಧನಗಳಲ್ಲಿ. ಎಲ್ಲರಿಗೂ ಅವರವರದೇ ಅಕೌಂಟ್ ಇರಬೇಕು. ಅಪ್ಪನ ಪಾಸ್‌ವರ್ಡನ್ನು ಮನೆಮಂದಿಯೆಲ್ಲ ಹಂಚಿಕೊಳ್ಳುವುದಕ್ಕಲ್ಲ ಇದು.

ಹಿಂದೆ ಇಷ್ಟು ಬಿಗಿ ಇರಲಿಲ್ಲ. 1980ರ ದಶಕದಲ್ಲಿ ಬೋರ್ಲೆಂಡ್ ಕಂಪನಿ ಟರ್ಬೊ ಪ್ಯಾಸ್ಕಲ್ ಎಂಬ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್ ಮಾರುವಾಗ, ಇದನ್ನು ಪುಸ್ತಕದ ಹಾಗೆ ಬಳಸಿ ಎಂದಿತ್ತು. ಯಾರು ಬೇಕಾದರೂ, ಯಾವ ಕಂಪ್ಯೂಟರ್‌ನಲ್ಲಾದರೂ ಬಳಸಬಹುದು. ಒಂದೇ ಹೊತ್ತಿಗೆ ಎರಡು ಕಡೆ ಮಾತ್ರ ಓಡಬಾರದು. ನನ್ನ ಪ್ರಕಾರ ಮನೆಬಳಕೆಗೆ ಇಷ್ಟು ಸರಳ, ನ್ಯಾಯದ ನಿಯಮ ಮತ್ತೆ ಬರಲಿಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಆಕ್ಟಿವೇಶನ್ ಬಂದ ಮೇಲೆ, ಒಂದೇ ಸಿಡಿಯಲ್ಲಿ ಇಡೀ ಬೀದಿಗೆ ಹಾಕಿಕೊಡುವ ಕಾಲ ಕಷ್ಟದ್ದಾಯಿತು.

ಮನೆಯೊಳಗೆ ಯಾರು ನೋಡುತ್ತಾರೆ ಅಂತೀರಾ? ನಮ್ಮ 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಮು, ಗೊತ್ತಿದ್ದೂ ಕಳ್ಳಪ್ರತಿ ಬಳಸುವುದನ್ನು ಅಪರಾಧ ಎನ್ನುತ್ತದೆ. ವ್ಯಾಪಾರಕ್ಕಲ್ಲದ ಬಳಕೆಯಾದರೆ ಕೋರ್ಟು ಜೈಲು ಬಿಟ್ಟು, 50,000 ರೂಪಾಯಿವರೆಗಿನ ದಂಡದಲ್ಲೇ ಮುಗಿಸಬಹುದು. ಕೊಂಡ ಪ್ರತಿ ಹಾಳಾದೀತೆಂದು ಬ್ಯಾಕಪ್ ಇಟ್ಟುಕೊಳ್ಳಲು ಮಾತ್ರ ಅದೇ ಕಾಯ್ದೆಯ 52ನೇ ಕಲಮಿನಲ್ಲಿ ಅವಕಾಶ ಇದೆ.

ಪತ್ರ, ಲೆಕ್ಕ ಅಷ್ಟೇ ಸಾಕು ಅನ್ನುವ ಮನೆಗೆ ಲಿಬ್ರೆಆಫೀಸ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದನ್ನು ಎಷ್ಟು ಕಂಪ್ಯೂಟರ್‌ಗೆ ಹಾಕಿಕೊಂಡರೂ ಯಾರೂ ಕೇಳುವುದಿಲ್ಲ.