ವ್ಯಾಂಡಲರ ರಾಜ್ಯ ಮತ್ತು ಮರದ ಹಲಗೆಯ ಕ್ರಯಪತ್ರಗಳು

ಶಾಸನಗಳನ್ನು ಓದುವುದೇ ಕಸುಬಾಗಿರುವ ನನಗೆ ಯುದ್ಧವರ್ಣನೆಗಳಿಗಿಂತ ಕ್ರಯಪತ್ರಗಳ ಮೇಲೆ ಹೆಚ್ಚು ಭರವಸೆ. 5ನೆಯ ಶತಮಾನದಲ್ಲಿ ಉತ್ತರ ಆಫ್ರಿಕದಲ್ಲಿ ರಾಜ್ಯ ಕಟ್ಟಿದ ವ್ಯಾಂಡಲರ ವಿಷಯದಲ್ಲಂತೂ ಇದು ಇನ್ನೂ ನಿಜ, ಏಕೆಂದರೆ ಅವರ ಕಥೆಯನ್ನು ನಮಗೆ ಹೇಳಿದವರೆಲ್ಲ ಬಹುಮಟ್ಟಿಗೆ ಅವರ ವಿರೋಧಿಗಳೇ. ಸುಮ್ಮನೆ ಹಾಳುಗೆಡಹುವ ಕೃತ್ಯಕ್ಕೆ ಅವರ ಹೆಸರು ಅಂಟಿಕೊಂಡದ್ದೂ ಅವರ ಕಾಲದಲ್ಲಲ್ಲ. ಫ್ರಾನ್ಸಿನ ಕ್ರಾಂತಿಯ ದಿನಗಳಲ್ಲಿ, 1794ರಲ್ಲಿ, ಕಲಾಕೃತಿಗಳ ನಾಶವನ್ನು ಖಂಡಿಸುತ್ತ ಗ್ರೆಗ್ವಾರ್ ಎಂಬ ಪಾದ್ರಿ 'ವ್ಯಾಂಡಲಿಸಂ' ಎಂಬ ಪದವನ್ನು ಚಲಾವಣೆಗೆ ತಂದರು.

ಇಂದಿನ ಪೋಲೆಂಡಿನ ದಕ್ಷಿಣ ಭಾಗದಲ್ಲಿ ಮೂಲ ನೆಲೆಯಿದ್ದ ಈ ಜರ್ಮಾನಿಕ್ ಜನ 406ರ ಡಿಸೆಂಬರ್ ಕೊನೆಯಲ್ಲಿ ಅಲಾನ್ ಮತ್ತು ಸುಯೆಬಿ ಜನರೊಡನೆ ರೈನ್ ನದಿಯನ್ನು ದಾಟಿ ರೋಮನ್ ಗಾಲ್ (ಇಂದಿನ ಫ್ರಾನ್ಸ್) ಪ್ರಾಂತವನ್ನು ಹೊಕ್ಕರು. ನದಿ ಹೆಪ್ಪುಗಟ್ಟಿತ್ತೆಂಬ ಚಿತ್ರ ಜನಪ್ರಿಯವಾಗಿದೆಯಾದರೂ ಸಮಕಾಲೀನ ಬರಹಗಳಲ್ಲಿ ಅದಕ್ಕೆ ಆಧಾರವಿಲ್ಲ. 409ರಲ್ಲಿ ಸ್ಪೇನನ್ನು ತಲುಪಿದ ಅವರು ಎರಡು ವರ್ಷಗಳ ತರುವಾಯ ಅಲ್ಲಿನ ಪ್ರಾಂತಗಳನ್ನು ಚೀಟಿಯೆತ್ತಿ ಹಂಚಿಕೊಂಡರು. ಆದರೆ ಆ ನೆಲ ನಿಲ್ಲಲಿಲ್ಲ. ರೋಮಿನ ಪರವಾಗಿ ಬಂದ ಇನ್ನೊಂದು ಜರ್ಮಾನಿಕ್ ಜನವಾದ ವಿಸಿಗೋಥರು 416ರಿಂದ 418ರ ನಡುವೆ ಸಿಲಿಂಗ್ ಶಾಖೆಯ ವ್ಯಾಂಡಲರನ್ನೂ ಅಲಾನರನ್ನೂ ಜರ್ಜರಗೊಳಿಸಿದರು. ಅಳಿದುಳಿದವರು ವ್ಯಾಂಡಲರ ಇನ್ನೊಂದು ಶಾಖೆಯಾದ ಹಾಸ್ಡಿಂಗರ ಅರಸನ ಆಶ್ರಯಕ್ಕೆ ಬಂದರು. 428ರಲ್ಲಿ ಪಟ್ಟಕ್ಕೆ ಬಂದ ಗೈಸೆರಿಕ್ ಮರುವರ್ಷವೇ ಇಡೀ ಜನರನ್ನು ಸಮುದ್ರ ದಾಟಿಸಿ ಆಫ್ರಿಕಕ್ಕೆ ಕರೆದೊಯ್ದ. ಮುದುಕರು, ಎಳೆಯರು, ಒಡೆಯರು, ಆಳುಗಳು ಎಲ್ಲರೂ ಸೇರಿ 80,000 ಮಂದಿಯೆಂದು ವೀಟಾದ ವಿಕ್ಟರ್ ಬರೆಯುತ್ತಾನೆ. ಅವನು ವ್ಯಾಂಡಲರನ್ನು ದ್ವೇಷಿಸುತ್ತಿದ್ದ ಪಾದ್ರಿ ಎಂಬುದನ್ನು ಮರೆಯದೆ ಆ ಲೆಕ್ಕವನ್ನು ಓದಬೇಕು.

ಇಂದಿನ ಅಲ್ಜೀರಿಯದ ಹಿಪ್ಪೊ ಪಟ್ಟಣಕ್ಕೆ ಅವರು ಮುತ್ತಿಗೆ ಹಾಕಿದ್ದಾಗಲೇ, 430ರ ಆಗಸ್ಟ್ 28ರಂದು, ಅಲ್ಲಿನ ಬಿಷಪ್ ಅಗಸ್ಟೀನ್ ತೀರಿಕೊಂಡ. 439ರ ಅಕ್ಟೋಬರ್ 19ರಂದು ಇಂದಿನ ಟುನೀಶಿಯದಲ್ಲಿರುವ ಕಾರ್ಥೇಜ್ ಕೈವಶವಾಯಿತು. ರೋಮ್ ನಗರದ ಅನ್ನ ಬಹುಪಾಲು ಕಾರ್ಥೇಜಿನ ಬಂದರಿನಿಂದಲೇ ಹಡಗೇರುತ್ತಿದ್ದುದರಿಂದ, ಆ ಬಂದರನ್ನು ಹಿಡಿದವನ ಕೈಯಲ್ಲಿ ಸಾಮ್ರಾಜ್ಯದ ಹೊಟ್ಟೆಯೂ ಇತ್ತು. 442ರ ಒಪ್ಪಂದದಲ್ಲಿ ರೋಮ್ ಈ ರಾಜ್ಯವನ್ನು ಮಾನ್ಯ ಮಾಡಿತು. 455ರಲ್ಲಿ ಗೈಸೆರಿಕ್ 14 ದಿನ ರೋಮನ್ನು ಕೊಳ್ಳೆ ಹೊಡೆದದ್ದೂ, 468ರಲ್ಲಿ ತನ್ನ ಮೇಲೆ ಬಂದ ಭಾರಿ ರೋಮನ್ ನೌಕಾಪಡೆಯನ್ನು ಬೆಂಕಿ ಹಚ್ಚಿದ ದೋಣಿಗಳಿಂದ ಸುಟ್ಟದ್ದೂ ಎಲ್ಲರಿಗೂ ಗೊತ್ತಿರುವ ಕಥೆಗಳು.

ನನ್ನ ಕುತೂಹಲ ಬೇರೆಯದು: ಈ ಜನ ಗೆದ್ದ ನೆಲವನ್ನು ಏನು ಮಾಡಿದರು? ಕಾರ್ಥೇಜ್ ಸುತ್ತಲಿನ ಒಳ್ಳೆಯ ಜಮೀನುಗಳನ್ನು ಗೈಸೆರಿಕ್ ತನ್ನವರಿಗೆ ತೆರಿಗೆಯಿಲ್ಲದೆ ಹಂಚಿದನೆಂದೂ, ಅವಕ್ಕೆ ತನ್ನ ಕಾಲದವರೆಗೂ 'ವ್ಯಾಂಡಲರ ಪಾಲು' ಎಂಬ ಹೆಸರಿತ್ತೆಂದೂ 6ನೆಯ ಶತಮಾನದ ಇತಿಹಾಸಕಾರ ಪ್ರೊಕೋಪಿಯಸ್ ದಾಖಲಿಸಿದ್ದಾನೆ. ಉಳಿದ ಕಡೆಗಳಲ್ಲಿ ಏನಾಯಿತೆಂಬುದಕ್ಕೆ 1928ರಲ್ಲಿ ಇಂದಿನ ಅಲ್ಜೀರಿಯ–ಟುನೀಶಿಯ ಗಡಿಯ ಗುಡ್ಡಗಾಡಿನಲ್ಲಿ ಸಿಕ್ಕ 45 ಮರದ ಹಲಗೆಗಳು ಸಾಕ್ಷಿ. ಇತಿಹಾಸಕಾರ ಆಲ್ಬರ್ಟಿನಿಯ ಹೆಸರಿನಿಂದ ಕರೆಯಲಾಗುವ ಇವುಗಳ ಮೇಲೆ ಶಾಯಿಯಲ್ಲಿ, ಲ್ಯಾಟಿನ್‌ನಲ್ಲಿ ಬರೆದಿರುವುದು 493ರಿಂದ 496ರವರೆಗಿನ ವ್ಯವಹಾರಗಳು. ಮಾರಾಟಕ್ಕಿರುವುದು ತುಂಡು ಹೊಲ, ಎಣಿಸಿ ನಮೂದಿಸಿದ ಆಲಿವ್ ಮರಗಳು, ಅಂಜೂರದ ಮರಗಳು, ನೆರೆಹೊರೆಯವರ ಹೆಸರು ಹೇಳಿ ಗುರುತಿಸಿದ ಚಕ್ಕುಬಂದಿ, ಕೊನೆಗೆ ಸಾಕ್ಷಿಗಳು. ಒಂದು ಹಲಗೆಯಲ್ಲಿ ಮದುವೆಯ ಹೆಣ್ಣಿನ ವರದಕ್ಷಿಣೆಯ ಪಟ್ಟಿಯಿದೆ, ಇನ್ನೊಂದರಲ್ಲಿ ಆರು ವರ್ಷದ ಗುಲಾಮ ಹುಡುಗನೊಬ್ಬನ ಮಾರಾಟ. ಮಾರುವವರು ಮಾಂಕಿಯಾನ ಎಂಬ ರೋಮನ್ ಪದ್ಧತಿಯಂತೆ ಉಳುವವರು. ಬೀಳುಭೂಮಿಯನ್ನು ಹಸನು ಮಾಡಿದವನು ಜಮೀನುದಾರನಿಗೆ ಫಸಲಿನ ಪಾಲು ಕೊಟ್ಟು ಸಾಗುವಳಿಯ ಹಕ್ಕನ್ನು ವಂಶಪಾರಂಪರ್ಯವಾಗಿ ಉಳಿಸಿಕೊಳ್ಳಬಹುದೆಂಬ ಆ ಕಟ್ಟಳೆ 2ನೆಯ ಶತಮಾನದ ಆರಂಭದ ಶಾಸನದಲ್ಲೇ ಕಾಣಸಿಗುತ್ತದೆ. ಹಲಗೆಗಳಲ್ಲಿ ಹೊಸತೆಂದರೆ ಕಾಲಗಣನೆ ಮಾತ್ರ: 'ನಮ್ಮ ಒಡೆಯ ರಾಜ ಗುಂಥಮುಂಡನ ಒಂಬತ್ತನೆಯ ವರ್ಷ.' ಚಕ್ರವರ್ತಿಯ ಹೆಸರಿದ್ದ ಜಾಗಕ್ಕೆ ವ್ಯಾಂಡಲ್ ಅರಸ ಬಂದಿದ್ದಾನೆ. ಅದರ ಕೆಳಗಿನ ಸಾಲುಗಳು ಹಳೆಯ ಗುಮಾಸ್ತನ ಕೈಯಲ್ಲೇ ಇವೆ.

ಹಾಗೆಂದು ಎಲ್ಲವೂ ಸುಗಮವಾಗಿತ್ತೆನ್ನುವುದು ತಪ್ಪಾಗುತ್ತದೆ. ಕ್ರಿಸ್ತನು ತಂದೆಯಾದ ದೇವರಿಗೆ ಸಮನಲ್ಲವೆನ್ನುವ ಏರಿಯನ್ ಪಂಥದ ಅರಸರಿಗೂ ಸಮನೆನ್ನುವ ನೈಸೀನ್ ಪಂಥದ ಪ್ರಜೆಗಳಿಗೂ ಇದ್ದ ಬಿರುಕು ಗೈಸೆರಿಕ್‌ನ ಮಗ ಹುನೆರಿಕ್‌ನ ಕಾಲದಲ್ಲಿ, 484ರಲ್ಲಿ, ಕ್ರೂರ ದಮನಕ್ಕೆ ಎಡೆಮಾಡಿತು. ನೈಸೀನರ ಬಗ್ಗೆ ಮೃದುವಾಗಿದ್ದ, ಪೂರ್ವ ರೋಮನ್ ಚಕ್ರವರ್ತಿ ಜಸ್ಟೀನಿಯನ್‌ನ ಸ್ನೇಹಿತನೂ ಆಗಿದ್ದ ವ್ಯಾಂಡಲ್ ಅರಸ ಹಿಲ್ಡೆರಿಕ್‌ನನ್ನು 530ರಲ್ಲಿ ಅವನ ಬಂಧು ಗೆಲಿಮೆರ್ ಪದಚ್ಯುತಗೊಳಿಸಿದಾಗ ಚಕ್ರವರ್ತಿಯ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ಯುದ್ಧದ ನೆಪ ಸಿಕ್ಕಿತು. 533ರಲ್ಲಿ ಜಸ್ಟೀನಿಯನ್‌ನ ಸೇನಾನಿ ಬೆಲಿಸೇರಿಯಸ್ ಸುಮಾರು 15,000 ಸೈನಿಕರೊಡನೆ ಬಂದಿಳಿದಾಗ ಗೆಲಿಮೆರ್‌ನ 5,000 ಜನ 120 ಹಡಗುಗಳಲ್ಲಿ ಸಾರ್ಡಿನಿಯದ ದಂಗೆ ಅಡಗಿಸಲು ಹೋಗಿದ್ದರು. ಸೆಪ್ಟೆಂಬರಿನಲ್ಲಿ ಕಾರ್ಥೇಜ್ ಬಿತ್ತು. ಬೆಟ್ಟವೊಂದರಲ್ಲಿ ಸಿಕ್ಕಿಬಿದ್ದ ಗೆಲಿಮೆರ್ ಮುತ್ತಿಗೆಯ ಅಧಿಕಾರಿಯನ್ನು ಬೇಡಿದ್ದು ಮೂರೇ ವಸ್ತು: ಬಹುದಿನಗಳಿಂದ ಕಾಣದ ಒಂದು ರೊಟ್ಟಿ, ಊದಿದ ಕಣ್ಣು ಒರೆಸಲು ಸ್ಪಂಜು, ತನ್ನ ದುಃಖದ ಹಾಡಿಗೆ ಒಂದು ಲೈರ್ ವಾದ್ಯ.

ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಜಮೀನಿನ ತಗಾದೆ ಮಾತ್ರ ನಿಲ್ಲಲಿಲ್ಲ. ಸತ್ತ ಅಥವಾ ಸೆರೆಯಾದ ವ್ಯಾಂಡಲರ ಹೆಂಡಿರನ್ನೂ ಹೆಣ್ಣುಮಕ್ಕಳನ್ನೂ ಗೆದ್ದ ಸೈನಿಕರು ಮದುವೆಯಾಗಿದ್ದರು. ಹಿಂದಿನ ಗಂಡಂದಿರ ಕಾಲದಲ್ಲಿ ತಮ್ಮದಾಗಿದ್ದ ಹೊಲಗಳು ಈಗ ಏಕೆ ತಮಗಿಲ್ಲವೆಂದು ಆ ಹೆಂಗಸರು ಹೊಸ ಗಂಡಂದಿರನ್ನು ಕೇಳತೊಡಗಿದರು. ಆ ನೆಲ ಚಕ್ರವರ್ತಿಯ ಬೊಕ್ಕಸದ್ದೆಂದು ಸೇನಾಧಿಪತಿ ಸೊಲೊಮನ್ ಪಟ್ಟುಹಿಡಿದ. 536ರ ಈಸ್ಟರ್ ಹಬ್ಬದ ಹೊತ್ತಿಗೆ ಅವನ ಸೈನ್ಯವೇ ದಂಗೆಯೆದ್ದಿತು; ಸೊಲೊಮನ್ ಸಿಸಿಲಿಗೆ ಓಡಿದ. ಸೈನಿಕ ಸ್ಟೊಟ್ಜಾಸ್‌ನ ನೇತೃತ್ವದಲ್ಲಿ ಒಟ್ಟುಗೂಡಿದ ಬಂಡಾಯಗಾರರನ್ನು ಸುಮಾರು ಸಾವಿರ ವ್ಯಾಂಡಲರೂ ಬಂದು ಸೇರಿಕೊಂಡರು.