ಹಾಲು, ಸೋಪು, ಸೀರೆ: ಪ್ರಚಾರ ಮತ್ತು ವಿತರಣೆಯನ್ನು ಒಟ್ಟಿಗೆ ಓದೋಣ

ನಮ್ಮ ವಾಣಿಜ್ಯ ಪಠ್ಯದಲ್ಲಿ ಪ್ರಚಾರ ಒಂದು ಕಡೆ, ವಿತರಣೆ ಇನ್ನೊಂದು ಕಡೆ. ಪರೀಕ್ಷೆಯಲ್ಲೂ ಬೇರೆ ಬೇರೆ ಪ್ರಶ್ನೆ ಬರುತ್ತವೆ. ಹಾಗಾಗಿ ನಾವೂ ಎರಡನ್ನೂ ಬೇರೆ ಬೇರೆಯಾಗಿಯೇ ಬಾಯಿಪಾಠ ಮಾಡುತ್ತೇವೆ. ಆದರೆ ಒಂದು ಸರಕನ್ನು ಹಿಡಿದು ಅದರ ಹಿಂದೆಯೇ ಹೋದರೆ, ಎರಡೂ ಒಂದೇ ಲೆಕ್ಕಾಚಾರದಿಂದ ಹುಟ್ಟುತ್ತವೆ ಅಂತ ಗೊತ್ತಾಗುತ್ತದೆ. ಸರಕು ಎಷ್ಟು ದಿನ ಕೆಡದೆ ಇರುತ್ತದೆ? ಬೆಲೆ ಎಷ್ಟು? ಜನ ಎಷ್ಟು ದಿನಕ್ಕೊಮ್ಮೆ ಕೊಳ್ಳುತ್ತಾರೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಠ ಮುಗಿದ ಹಾಗೆ. ನಮಗೆಲ್ಲ ಗೊತ್ತಿರುವ ಮೂರು ಸರಕು ತೆಗೆದುಕೊಳ್ಳುತ್ತೇನೆ: ನಂದಿನಿ ಹಾಲು, ಮೈಸೂರು ಸ್ಯಾಂಡಲ್ ಸೋಪು, ಮೈಸೂರು ಸಿಲ್ಕ್ ಸೀರೆ.

ಮೊದಲು ಹಾಲು. ಹಳ್ಳಿಯಲ್ಲಿ ಜನ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಡೇರಿಗೆ ಹಾಲು ಹಾಕುತ್ತಾರೆ. ಅಲ್ಲಿ ಫ್ಯಾಟ್ ನೋಡಿ, ಅಳೆದು, ಶೀತಲ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿಂದ ಟ್ಯಾಂಕರಿನಲ್ಲಿ ಒಕ್ಕೂಟದ ಡೇರಿಗೆ ಬಂದು, ಪಾಶ್ಚರೀಕರಣ ಆಗಿ, ಪ್ಯಾಕೆಟ್ ಸೇರುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಇದುವರೆಗಿನ ದಾರಿ ವಿತರಣೆ ಅಲ್ಲ, ಸಂಗ್ರಹಣೆ. ಹಳ್ಳಿ ಸಂಘ, ಜಿಲ್ಲಾ ಒಕ್ಕೂಟ, ರಾಜ್ಯದ ಹಾಲು ಮಹಾಮಂಡಳಿ ಕೆಎಂಎಫ್ ಎಂಬ ಮೂರು ಹಂತ ಸಹಕಾರಿ ರಚನೆಗೆ ಸೇರಿದ್ದು. ಇದನ್ನೇ 'ಮೂರು ಹಂತದ ವಿತರಣಾ ಮಾರ್ಗ' ಅಂತ ಬರೆದರೆ ಅಂಕ ಹೋಗುತ್ತದೆ.

ವಿತರಣೆ ಶುರುವಾಗುವುದು ಪ್ಯಾಕೆಟ್ ಕ್ರೇಟಿಗೆ ಬಿದ್ದ ಮೇಲೆ. ರಾತ್ರಿಯೇ ವ್ಯಾನುಗಳು ಹೊರಡುತ್ತವೆ. ಬೆಳಕು ಹರಿಯುವ ಮುಂಚೆ ಏಜೆಂಟರ ಬೂತಿನ ಮುಂದೆ ಕ್ರೇಟ್ ಇಳಿದಿರುತ್ತದೆ. ಒಕ್ಕೂಟ, ಏಜೆಂಟ್, ಗ್ರಾಹಕ, ಅಷ್ಟೇ. ನಡುವೆ ಒಬ್ಬನೇ ಮಧ್ಯವರ್ತಿ, ಹಾಗಾಗಿ ಇದು ಒಂದು ಹಂತದ ಮಾರ್ಗ. ಇನ್ನೊಬ್ಬರು ಸೇರಿದರೆ ಹೊತ್ತು ಹೋಗುತ್ತದೆ, ಹಾಲು ಒಡೆಯುತ್ತದೆ. ಏಜೆಂಟ್ ನಾಳೆಗೆ ಎಷ್ಟು ಬೇಕು ಅಂತ ಇಂದೇ ಇಂಡೆಂಟ್ ಕೊಡುತ್ತಾನೆ. ಜಾಸ್ತಿ ತರಿಸಿ ಉಳಿದರೆ ನಷ್ಟ, ಕಡಿಮೆ ತರಿಸಿದರೆ ಗಿರಾಕಿ ಪಕ್ಕದ ಅಂಗಡಿಗೆ. ಲೀಟರಿಗೆ ಸಿಗುವ ಕಮಿಷನ್ ಸಣ್ಣದು. ಆದರೂ ದಿನಾ ಮಾರಾಟ ಇರುವುದರಿಂದ ಅದು ನಡೆಯುತ್ತದೆ. ಜನ ಹಾಲಿಗಾಗಿ ದೂರ ನಡೆಯುವುದಿಲ್ಲ, ಅದಕ್ಕೇ ಬೀದಿ ಬೀದಿಯಲ್ಲೂ ಸಿಗಬೇಕು. ಪಠ್ಯದಲ್ಲಿ ಹೇಳುವ 'ತೀವ್ರ ವಿತರಣೆ' ಇದೇ.

ಈಗ ಅದೇ ನಂದಿನಿಯ ತುಪ್ಪ ನೋಡಿ. ತಿಂಗಳುಗಟ್ಟಲೆ ಇರುತ್ತದೆ, ಹಾಗಾಗಿ ವಿತರಕರು, ಸೂಪರ್ ಮಾರ್ಕೆಟ್ ಎಲ್ಲ ಸುತ್ತಿ ಬರಬಹುದು. ಗುಡ್‌ಲೈಫ್ ಹಾಲಂತೂ ಇನ್ನೂ ಒಳ್ಳೆಯ ಉದಾಹರಣೆ. ಅದನ್ನು ತುಂಬಾ ಹೆಚ್ಚಿನ ಶಾಖದಲ್ಲಿ ಕೆಲವೇ ಸೆಕೆಂಡು ಕಾಯಿಸಿ, ಗಾಳಿ ಬೆಳಕು ತಾಗದ ಪ್ಯಾಕಿನಲ್ಲಿ ತುಂಬುತ್ತಾರೆ. ಪ್ಯಾಕ್ ತೆರೆಯದಿದ್ದರೆ ಫ್ರಿಜ್ ಇಲ್ಲದೆಯೂ ಬಹಳ ದಿನ ಇರುತ್ತದೆ. ಅದೂ ಹಾಲೇ, ಆದರೆ ಕೆಡುವ ಗಡುವು ಬದಲಾಯಿತು, ದಾರಿಯೂ ಉದ್ದವಾಯಿತು. ಈ ಒಂದು ಜೋಡಿಯನ್ನು ಉತ್ತರದಲ್ಲಿ ಬರೆದರೆ 'ವಿತರಣಾ ಮಾರ್ಗದ ಆಯ್ಕೆಯ ಮೇಲೆ ಪ್ರಭಾವ ಬೀರುವ ಅಂಶಗಳು' ಎಂಬ ಪ್ರಶ್ನೆಗೆ ಜೀವ ಬರುತ್ತದೆ.

ನಂದಿನಿಯ ಪ್ರಚಾರಕ್ಕೆ ಬರೋಣ. ಡಾ. ರಾಜ್‌ಕುಮಾರ್, ಆಮೇಲೆ ಪುನೀತ್, 2023ರಿಂದ ಶಿವರಾಜ್‌ಕುಮಾರ್ ಸಂಭಾವನೆ ಪಡೆಯದೆ ರಾಯಭಾರಿಗಳಾದರು. ಇದರ ಬೆಲೆಯನ್ನು ಜಾಹೀರಾತಿನ ಖರ್ಚಿನಲ್ಲಿ ಅಳೆಯಲು ಆಗುವುದಿಲ್ಲ. ರೈತರ ಸಂಸ್ಥೆ ಎಂಬ ನಂಬಿಕೆ ಗಟ್ಟಿಯಾಯಿತು. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ತಂಡಗಳ ಜೆರ್ಸಿ ಮೇಲೂ ನಂದಿನಿ ಹೆಸರಿತ್ತು. ಇದು ಪ್ರಾಯೋಜಕತ್ವ. ಅಲ್ಲಿನ ಜನ ನಾಳೆ ಬೆಳಿಗ್ಗೆ ನಮ್ಮ ಹಾಲು ಕೊಳ್ಳುವುದಿಲ್ಲವಲ್ಲ, ಮತ್ತೆ ಯಾಕೆ? ಪಂದ್ಯವನ್ನು ಭಾರತದ ತುಂಬಾ ನೋಡುತ್ತಾರೆ. ಅದೇ ವರ್ಷ ನವೆಂಬರ್‌ನಲ್ಲಿ ನಂದಿನಿ ದೆಹಲಿ ಮಾರುಕಟ್ಟೆಗೆ ಕಾಲಿಟ್ಟಿತು. ಹೆಸರು ಮೊದಲು ಹೋಯಿತು, ಹಾಲು ಆಮೇಲೆ ಹೋಯಿತು.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. 2024ರ ಜೂನ್‌ನಲ್ಲಿ ಅರ್ಧ ಲೀಟರ್ ಪ್ಯಾಕೆಟ್ಟಿಗೆ 50 ಮಿಲಿ ಸೇರಿಸಿ, 2 ರೂಪಾಯಿ ಹೆಚ್ಚಿಸಿದರು. ಇದು ಮಾರಾಟ ಪ್ರವರ್ತನೆಯೇ? ನನ್ನ ಉತ್ತರ: ಅಲ್ಲ. ಪ್ರವರ್ತನೆ ಅಂದರೆ ಸ್ವಲ್ಪ ದಿನದ ಮಟ್ಟಿಗೆ ಕೊಳ್ಳುವವರಿಗೆ ಹೆಚ್ಚುವರಿ ಲಾಭ ಕೊಡುವುದು. ಇಲ್ಲಿ ಹೆಚ್ಚುವರಿ ಹಾಲಿಗೆ ದುಡ್ಡು ಕೊಟ್ಟಿದ್ದೇವೆ. ರೈತರಿಂದ ಹಾಲು ಹೆಚ್ಚು ಬರುತ್ತಿತ್ತು, ಅದನ್ನು ಮಾರಬೇಕಿತ್ತು. ಪ್ಯಾಕೆಟ್ ದೊಡ್ಡದಾದರೆ ಮನೆಮನೆಗೂ ಸ್ವಲ್ಪ ಹೆಚ್ಚು ಹೋಗುತ್ತದೆ. ಅದು ಪ್ರಮಾಣ ಮತ್ತು ಬೆಲೆಯ ನಿರ್ಧಾರ. 2025ರ ಏಪ್ರಿಲ್‌ನಲ್ಲಿ ಆ 50 ಮಿಲಿಯನ್ನು ವಾಪಸ್ ತೆಗೆದರು.

ಸೋಪಿನ ಕಥೆಯಲ್ಲಿ ಪ್ರಚಾರದ ಪಾಲೇ ದೊಡ್ಡದು. ಮೊದಲ ಮಹಾಯುದ್ಧದಿಂದ ಯೂರೋಪಿಗೆ ಗಂಧದ ಮರ ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ವಿಶ್ವೇಶ್ವರಯ್ಯನವರ ಕಾಲದಲ್ಲಿ ಇಲ್ಲೇ ಎಣ್ಣೆ ತೆಗೆದು ಸೋಪು ಮಾಡುವ ಕೆಲಸ ಶುರುವಾಯಿತು. ಕಾರ್ಖಾನೆ ಹುಟ್ಟಿದ್ದು 1916ರಲ್ಲಿ. ಅದನ್ನು ಕಟ್ಟಿದ ಎಸ್.ಜಿ. ಶಾಸ್ತ್ರಿ ರಸಾಯನಶಾಸ್ತ್ರ ಬಲ್ಲವರು, ಆದರೆ ಮಾರುಕಟ್ಟೆಯನ್ನೂ ಎಷ್ಟು ಚೆನ್ನಾಗಿ ಓದಿದ್ದರು ನೋಡಿ. ಬೇರೆ ಸೋಪುಗಳು ಚೌಕವಾಗಿದ್ದಾಗ ಇದಕ್ಕೆ ಮೊಟ್ಟೆಯಾಕಾರ. ಡಬ್ಬಿ ಒಡವೆ ಪೆಟ್ಟಿಗೆಯಂತೆ. ಮೇಲೆ ಆನೆಯ ತಲೆ, ಸಿಂಹದ ಮೈ ಇರುವ ಶರಭದ ಮುದ್ರೆ. ಟ್ರಾಮ್ ಟಿಕೆಟ್ ಮೇಲೆ, ಬೆಂಕಿಪೊಟ್ಟಣದ ಮೇಲೆ ಜಾಹೀರಾತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಮಾಡಿಸಿದರು. ಪ್ಯಾಕಿಂಗ್ ಕೂಡ ಪ್ರಚಾರವೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಸೋಪು ಕೆಡುವುದಿಲ್ಲ, ಹಗುರ, ತಿಂಗಳಿಗೊಮ್ಮೆ ಕೊಳ್ಳುವಂಥದ್ದು. ಹಾಗಾಗಿ ಕಂಪನಿ, ಸ್ಟಾಕಿಸ್ಟ್ (ಸಗಟಾಗಿ ಕೊಂಡು ಅಂಗಡಿಗಳಿಗೆ ಕೊಡುವವನು), ಅಂಗಡಿ, ಗ್ರಾಹಕ ಎಂಬ ಎರಡು ಹಂತದ ಮಾರ್ಗ ಒಪ್ಪುತ್ತದೆ. ಕಂಪನಿಯದೇ ಡಿಪೋ ಇದ್ದರೆ ಅದನ್ನು ಹಂತವಾಗಿ ಎಣಿಸಬಾರದು, ಮಧ್ಯವರ್ತಿಗಳನ್ನು ಮಾತ್ರ ಎಣಿಸಬೇಕು. ಮಧ್ಯವರ್ತಿ ಸುಮ್ನೆ ಲಾಭ ತಿನ್ನುತ್ತಾನೆ ಅಂತ ತುಂಬಾ ಜನ ಬರೆಯುತ್ತಾರೆ. ಲೆಕ್ಕ ಹಾಕಿ: 10 ಕಂಪನಿ, 100 ಅಂಗಡಿ. ನೇರವಾಗಿ ವ್ಯವಹರಿಸಿದರೆ 1000 ಸಂಪರ್ಕ ಬೇಕು. ನಡುವೆ ಒಬ್ಬ ಸ್ಟಾಕಿಸ್ಟ್ ಇದ್ದರೆ 110 ಸಾಕು. ಮೇಲಾಗಿ ಅವನು ಪೆಟ್ಟಿಗೆ ಒಡೆದು ಡಜನ್ ಲೆಕ್ಕದಲ್ಲಿ ಕೊಡುತ್ತಾನೆ, ಅಂಗಡಿಯವರಿಗೆ ಸಾಲವನ್ನೂ ಕೊಡುತ್ತಾನೆ.

ತಳ್ಳುವ ತಂತ್ರ, ಸೆಳೆಯುವ ತಂತ್ರ ಇಲ್ಲಿ ಸುಲಭವಾಗಿ ಅರ್ಥವಾಗುತ್ತವೆ. ಡಜನ್‌ಗೆ ಒಂದು ಫ್ರೀ ಅಂತ ಅಂಗಡಿಯವನಿಗೆ ಸ್ಕೀಮ್ ಕೊಟ್ಟರೆ ಅದು ತಳ್ಳುವುದು. ಟಿವಿಯಲ್ಲಿ ನೋಡಿದ ಗಿರಾಕಿ ತಾನೇ ಬಂದು ಕೇಳಿದರೆ ಅದು ಸೆಳೆಯುವುದು. 2006ರಲ್ಲಿ ಧೋನಿ ಈ ಸೋಪಿನ ರಾಯಭಾರಿಯಾಗಿದ್ದರು. 2025ರಲ್ಲಿ ನಟಿ ತಮನ್ನಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ನೇಮಿಸಿದಾಗ, ಕನ್ನಡದವರೇ ಯಾಕಲ್ಲ ಅಂತ ದೊಡ್ಡ ಚರ್ಚೆ ಆಯಿತು. ಕರ್ನಾಟಕದ ಹೊರಗೆ ಮಾರುಕಟ್ಟೆ ಬೆಳೆಸಲು ಎಂದು ಸರ್ಕಾರ ಹೇಳಿತು. ಕನ್ನಡಿಗರಾಗಿ ಆ ಬೇಸರ ನನಗೆ ಅರ್ಥವಾಗುತ್ತದೆ. ವಾಣಿಜ್ಯ ಓದುವವರಾಗಿ ನಾವು ಜೊತೆಗೆ ಇನ್ನೊಂದು ಪ್ರಶ್ನೆ ಕೇಳಬೇಕು: ಆ ಊರುಗಳ ಅಂಗಡಿಗಳಿಗೆ ಸೋಪು ತಲುಪಿದೆಯೇ? ಜಾಹೀರಾತು ನೋಡಿ ಬಂದವರಿಗೆ 'ಇಲ್ಲ' ಅಂದರೆ, ಅವರು ಬೇರೆ ಸೋಪು ಕೊಂಡು ಹೋಗುತ್ತಾರೆ, ಅಲ್ವಾ?

ಸೀರೆಯದು ಪೂರ್ತಿ ಬೇರೆ. ಮೈಸೂರಿನ ನೇಯ್ಗೆ ಕಾರ್ಖಾನೆ 1912ರದ್ದು, ಈಗ ರಾಜ್ಯ ಸರ್ಕಾರದ ರೇಷ್ಮೆ ಉದ್ಯಮಗಳ ನಿಗಮ ಕೆಎಸ್‌ಐಸಿ ಕೈಯಲ್ಲಿದೆ. ಅಪ್ಪಟ ರೇಷ್ಮೆ, ಚಿನ್ನದ ಜರಿ, ಬೆಲೆ ಹತ್ತಾರು ಸಾವಿರ. ಇದನ್ನು ಸಂಸ್ಥೆ ತನ್ನ ಮಳಿಗೆಗಳಲ್ಲೇ ಮಾರುತ್ತದೆ, ಅಂದರೆ ಶೂನ್ಯ ಹಂತ. ಇದೇ ಹೆಸರು ಹೇಳಿ ನಕಲಿ ಮಾರುವವರು ಇರುವಾಗ, ಮಳಿಗೆಯೇ ಖಾತರಿ. ಜೊತೆಗೆ ಪ್ರತಿ ಸೀರೆಗೂ ಒಂದು ಸಂಖ್ಯೆ, ಒಂದು ಹೋಲೋಗ್ರಾಂ ಇರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಬೇಡಿಕೆಯಷ್ಟು ಸೀರೆ ಇಲ್ಲದೆ ಜನ ಬೆಳಗಿನ ಜಾವವೇ ಸಾಲು ನಿಂತದ್ದೂ ಉಂಟು. ಇಂಥ ಕಡೆ ಪ್ರಚಾರಕ್ಕೆ ಇನ್ನಷ್ಟು ದುಡ್ಡು ಸುರಿದರೆ ಸಾಲು ಉದ್ದವಾಗುತ್ತದೆ, ಮಾರಾಟ ಅಷ್ಟೇ ಇರುತ್ತದೆ. ಆ ದುಡ್ಡು ಮೊದಲು ಮಗ್ಗಕ್ಕೆ ಹೋಗಬೇಕು.